ಕೃಪೆಗೊಂದು ನೆಪ

ಕಠೋಪನಿಷತ್ತಿನ ಮೊದಲ ಅಧ್ಯಾಯದ ಎರಡನೆಯ ವಲ್ಲಿಯಲ್ಲಿ ಅಕ್ಕಪಕ್ಕ ನಿಂತಿರುವ ಎರಡು ಮಂತ್ರಗಳು ಒಂದಕ್ಕೊಂದು ಎದುರಾಡುವಂತೆ ತೋರುತ್ತವೆ. 23ನೆಯ ಮಂತ್ರದ ಪ್ರಕಾರ ಆತ್ಮವು ಪ್ರವಚನದಿಂದಾಗಲಿ, ಮೇಧಾಶಕ್ತಿಯಿಂದಾಗಲಿ, ಬಹಳ ಕೇಳಿ ತಿಳಿದದ್ದರಿಂದಾಗಲಿ ದೊರಕುವಂಥದಲ್ಲ, ಅದು ಯಾರನ್ನು ವರಿಸುತ್ತದೆಯೋ ಅವನಿಗೆ ಮಾತ್ರ ತನ್ನ ಸ್ವರೂಪವನ್ನು ತೆರೆದು ತೋರುತ್ತದೆ. ಅದರ ಬೆನ್ನಿಗೇ ಬರುವ 24ನೆಯ ಮಂತ್ರವಾದರೋ ಕೆಟ್ಟ ನಡತೆಯಿಂದ ಹಿಂದೆ ಸರಿಯದವನಿಗೆ, ಮನಸ್ಸು ಶಾಂತವಾಗದವನಿಗೆ ಅದು ಸಿಗುವುದಿಲ್ಲವೆಂದು ಖಂಡಿತವಾಗಿ ನುಡಿಯುತ್ತದೆ. ಮೊದಲನೆಯದನ್ನು ಮಾತ್ರ ಓದಿದವನು ಕೈಕಟ್ಟಿ ಕುಳಿತಾನು. ಎರಡನೆಯದನ್ನು ಮಾತ್ರ ಓದಿದವನು ತನ್ನ ನಡತೆ ನೇರವಾಗುವ ಮೊದಲೇ ಆಯುಷ್ಯ ಮುಗಿದೀತೆಂದು ಎದೆಗುಂದಿಯಾನು. ತನ್ನನ್ನು ತಾನು ತಿದ್ದಿಕೊಳ್ಳಲು ನಿಜವಾಗಿ ಹೆಣಗಿದವರೆಲ್ಲರೂ ಈ ಎರಡು ಮಂತ್ರಗಳ ನಡುವಿನ ಇಕ್ಕಟ್ಟಾದ ಜಾಗದಲ್ಲಿಯೇ ಬದುಕಿದ್ದಾರೆ.

ಭಾಷ್ಯಕಾರರು ಈ ಇಕ್ಕಟ್ಟನ್ನು ಬಿಡಿಸಿಕೊಂಡ ಬಗೆಗಳು ಬೇರೆ ಬೇರೆಯಾಗಿವೆ. ಶಂಕರಾಚಾರ್ಯರು ವರಿಸುವ ಕ್ರಿಯೆಯನ್ನು ಸಾಧಕನಿಗೆ ಅನ್ವಯಿಸುತ್ತಾರೆ: ಸಾಧಕನು ಯಾವ ಆತ್ಮವನ್ನು ಬೇಡಿ ವರಿಸುತ್ತಾನೆಯೋ, ವರಿಸುವ ಆ ಆತ್ಮನಿಂದಲೇ ಅದು ತಿಳಿಯಲ್ಪಡುತ್ತದೆ, ಏಕೆಂದರೆ ಅವರ ಮತದಲ್ಲಿ ವರಿಸುವವನೂ ವರಿಸಲ್ಪಡುವುದೂ ಕೊನೆಗೆ ಬೇರೆಯಲ್ಲ. ಮಧ್ವಾಚಾರ್ಯರ ಸಿದ್ಧಾಂತದಲ್ಲಿ ವರಿಸುವವನು ಹರಿಯೇ. ಜ್ಞಾನಭಕ್ತಿಗಳು ಎಷ್ಟೇ ಹಣ್ಣಾಗಿರಲಿ, ಅವನ ಪ್ರಸಾದವಿಲ್ಲದೆ ಮೋಕ್ಷವಿಲ್ಲ. ರಾಮಾನುಜಾಚಾರ್ಯರು ಶ್ರೀಭಾಷ್ಯದ ಮೊದಲ ಸೂತ್ರದ ವಿವರಣೆಯಲ್ಲಿಯೇ ಈ ಮಂತ್ರವನ್ನು ಎತ್ತಿಕೊಂಡು, ಯಾರು ಅತ್ಯಂತ ಪ್ರಿಯನೋ ಅವನೇ ವರಣಕ್ಕೆ ಯೋಗ್ಯನೆಂದೂ, ಭಗವಂತನು ಯಾರಿಗೆ ಅತ್ಯಂತ ಪ್ರಿಯನಾಗಿದ್ದಾನೋ ಅವನೇ ಭಗವಂತನಿಗೂ ಅತ್ಯಂತ ಪ್ರಿಯನಾಗುತ್ತಾನೆಂದೂ ಅರ್ಥಮಾಡುತ್ತಾರೆ. ಈ ಅರ್ಥದಲ್ಲಿ ಒಂದು ಅಪೂರ್ವವಾದ ಸೌಮ್ಯತೆಯಿದೆ, ಏಕೆಂದರೆ ಆಯ್ಕೆಯು ಮನಬಂದಂತೆ ನಡೆಯುವ ಚೀಟಿ ಎತ್ತುವಿಕೆಯೂ ಆಗುವುದಿಲ್ಲ, ಅಂಕಗಳನ್ನು ಕೂಡಿಸಿ ನಡೆಸುವ ಪರೀಕ್ಷೆಯೂ ಆಗುವುದಿಲ್ಲ. ಆದರೆ ಇನ್ನೊಂದು ಪ್ರಶ್ನೆ ಅಲ್ಲಿಯೇ ತಲೆಯೆತ್ತುತ್ತದೆ: ಆ ಪ್ರೀತಿ ಹುಟ್ಟದವನ ಗತಿಯೇನು? ಪ್ರೀತಿ ಬೇಕೆಂದು ಬಯಸಿಯೂ ಎದೆ ಒಣಗಿಯೇ ಇರುವವನು, ಕೋಪವನ್ನೋ ಲೋಭವನ್ನೋ ನೂರು ಸಲ ಬಿಟ್ಟು ನೂರೊಂದನೆಯ ಸಲ ಹಿಡಿದವನು, ಯಾವ ಬಾಗಿಲಿಗೆ ಹೋಗಬೇಕು?

ರಾಮಾನುಜರ ನಂತರದ ಎರಡು ಶತಮಾನಗಳಲ್ಲಿ ಶ್ರೀವೈಷ್ಣವ ಆಚಾರ್ಯರು ಈ ಪ್ರಶ್ನೆಯನ್ನು ಕೈಗೆತ್ತಿಕೊಂಡಷ್ಟು ಸೂಕ್ಷ್ಮವಾಗಿ ಬೇರೆ ಯಾವ ಸಂಪ್ರದಾಯವೂ ಕೈಗೆತ್ತಿಕೊಂಡಂತಿಲ್ಲ. ಭಕ್ತಿಯೋಗದ ದೀರ್ಘ ಅಭ್ಯಾಸಕ್ಕೆ ಶಕ್ತಿಯಿಲ್ಲದವನಿಗೆ ಪ್ರಪತ್ತಿ, ಎಂದರೆ ತನ್ನ ಭಾರವನ್ನೆಲ್ಲ ಭಗವಂತನ ಪಾದದಲ್ಲಿ ಇಳಿಸಿ ಶರಣಾಗುವುದು, ಮಾರ್ಗವೆಂಬಲ್ಲಿ ಎಲ್ಲರೂ ಒಂದಾಗಿದ್ದರು. ಶರಣಾಗತಿಯೂ ಜೀವನು ಮಾಡುವ ಒಂದು ಪ್ರಯತ್ನವೇ ಅಲ್ಲವೇ ಎಂಬಲ್ಲಿ ದಾರಿ ಕವಲೊಡೆಯಿತು. ಪಿಳ್ಳೈ ಲೋಕಾಚಾರ್ಯರ ಶ್ರೀವಚನಭೂಷಣವು ಒಂದು ಕವಲಿಗೆ ಆಧಾರವಾಯಿತು, ವೇದಾಂತ ದೇಶಿಕರ ರಹಸ್ಯತ್ರಯಸಾರವು ಇನ್ನೊಂದಕ್ಕೆ. ತಮಿಳು ಸಂಸ್ಕೃತಗಳನ್ನು ಮುತ್ತು ಹವಳಗಳಂತೆ ಬೆರೆಸಿ ಪೋಣಿಸುವ ಮಣಿಪ್ರವಾಳವೆಂಬ ಶೈಲಿಯಲ್ಲಿ ಎರಡೂ ಗ್ರಂಥಗಳು ರಚಿತವಾಗಿವೆ. ಮುಂದೆ ತೆಂಗಲೈ, ವಡಗಲೈ ಎಂದು ಹೆಸರಾದ ಈ ಪಂಗಡಗಳ ನಿಲುವನ್ನು ಎರಡು ದೃಷ್ಟಾಂತಗಳಿಂದ ತಿಳಿಸುವುದು ವಾಡಿಕೆ. ಕೋತಿಯ ಮರಿ ತಾಯಿಯ ಹೊಟ್ಟೆಯನ್ನು ತಾನೇ ಅವುಚಿಕೊಂಡಿರಬೇಕು, ಇದು ವಡಗಲೈಯವರ ಮರ್ಕಟಕಿಶೋರ ನ್ಯಾಯ. ಬೆಕ್ಕಿನ ಮರಿಯನ್ನು ತಾಯಿಯೇ ಬಾಯಲ್ಲಿ ಕಚ್ಚಿಕೊಂಡು ಹೋಗುತ್ತದೆ, ಇದು ತೆಂಗಲೈಯವರ ಮಾರ್ಜಾರಕಿಶೋರ ನ್ಯಾಯ.

ದೃಷ್ಟಾಂತಗಳು ನೆನಪಿಗೆ ಸುಲಭವಾದಷ್ಟೂ ವಿಚಾರಕ್ಕೆ ಅಡ್ಡಿಯಾಗುವುದುಂಟು. ಕೋತಿಯ ಮರಿ ಅವುಚಿಕೊಳ್ಳುವ ಕೈಗಳು ತಾಯಿಯ ಗರ್ಭದಲ್ಲಿಯೇ ಮೂಡಿದವು, ಹಿಡಿಯುವ ಬುದ್ಧಿಯನ್ನು ಅದು ಯಾರಿಂದಲೂ ಕಲಿತದ್ದಲ್ಲ. ಹಾಗಿರುವಾಗ ಅದರ ಹಿಡಿತವನ್ನು ತಾಯಿಗೆ ಹೊರತಾದ ಸಾಮರ್ಥ್ಯವೆಂದು ಹೇಗೆ ಎಣಿಸುವುದು? ಬೆಕ್ಕಿನ ಮರಿಯೂ ಏನನ್ನೂ ಮಾಡದೆ ಇರುವುದಿಲ್ಲ. ತಾಯಿ ಕತ್ತಿನ ತೊಗಲನ್ನು ಕಚ್ಚಿ ಎತ್ತಿದೊಡನೆ ಅದು ಕಾಲುಗಳನ್ನು ಮಡಿಸಿ ಮೈಯನ್ನು ಸಡಿಲ ಬಿಡುತ್ತದೆ. ಮರಿಗೆ ಅದು ಸಹಜ. ಮನುಷ್ಯನಿಗೆ ಅಷ್ಟು ಸಡಿಲವಾಗುವುದಕ್ಕಿಂತ ಕಷ್ಟದ ಕೆಲಸ ಬೇರೊಂದಿಲ್ಲ. ಹೀಗೆ ನೋಡಿದಾಗ ವಾದದ ಮರ್ಮವಿರುವುದು ಪ್ರಯತ್ನ ಬೇಕೋ ಬೇಡವೋ ಎಂಬಲ್ಲಿ ಅಲ್ಲ, ಪ್ರಯತ್ನಕ್ಕೆ ಯಾವ ಹೆಸರು ಕೊಡಬೇಕು, ಅದನ್ನು ಯಾರ ಲೆಕ್ಕಕ್ಕೆ ಬರೆಯಬೇಕು ಎಂಬಲ್ಲಿ.

ದೇಶಿಕರು ಕೊಟ್ಟ ಹೆಸರು ವ್ಯಾಜ. ಕನ್ನಡದಲ್ಲಿ ಅದಕ್ಕೆ ನೆಪವೆಂಬ ಮಾತು ಸರಿಯಾಗಿ ಹೊಂದುತ್ತದೆ. ಕೃಪೆಗೆ ಯಾವ ಕಾರಣವೂ ಬೇಡವೆಂದರೆ ಎಲ್ಲರೂ ಈ ಕ್ಷಣವೇ ಮುಕ್ತರಾಗಬೇಕಾಗಿತ್ತು. ಆಗಿಲ್ಲವಾದ್ದರಿಂದ ಕೆಲವರನ್ನು ಎತ್ತಿ ಕೆಲವರನ್ನು ಬಿಟ್ಟ ಪಕ್ಷಪಾತವೂ ನಿರ್ದಯತೆಯೂ ಭಗವಂತನಿಗೆ ಅಂಟುತ್ತವೆ. ವೈಷಮ್ಯ ಮತ್ತು ನೈರ್ಘೃಣ್ಯ ಎಂಬ ಹೆಸರಿನಿಂದ ಬ್ರಹ್ಮಸೂತ್ರವೇ ನಿವಾರಿಸಲು ತೊಡಗಿದ ದೋಷಗಳು ಇವು. ಆದುದರಿಂದ ಕೊಡಲು ಮೊದಲೇ ಮನಸ್ಸು ಮಾಡಿರುವವನಿಗೆ ಒಂದು ನೆಪ ಸಿಕ್ಕರೆ ಸಾಕು, ಶರಣಾಗತಿಯು ಅಂಥ ನೆಪ. ನೆಪಕ್ಕೂ ಬೆಲೆಗೂ ಇರುವ ಅಂತರವನ್ನು ಕನ್ನಡದ ಮನೆಗಳು ಚೆನ್ನಾಗಿ ಬಲ್ಲವು. ಮುನಿಸಿಕೊಂಡು ಮನೆ ಬಿಟ್ಟುಹೋದ ಮಗನು ಹಬ್ಬದ ನೆಪದಲ್ಲಿ ಬಾಗಿಲಿಗೆ ಬಂದು ನಿಂತರೆ ತಾಯಿ ಎಲೆ ಹಾಕುತ್ತಾಳೆ, ಹಬ್ಬಕ್ಕೆ ಬಂದದ್ದು ಊಟಕ್ಕೆ ಕೊಟ್ಟ ಬೆಲೆಯೆಂದು ಮಗನೂ ತಿಳಿಯುವುದಿಲ್ಲ, ತಾಯಿಯೂ ತಿಳಿಯುವುದಿಲ್ಲ. ಆದರೂ ಅವನು ಬಂದು ನಿಲ್ಲದಿದ್ದರೆ ಎಲೆ ಹಾಕುವ ಸಂದರ್ಭವೇ ಒದಗುತ್ತಿರಲಿಲ್ಲ.

ಲೋಕಾಚಾರ್ಯರಿಗೆ ಈ ನೆಪವೂ ಹೆಚ್ಚೆನಿಸುತ್ತದೆ. ಜೀವನು ಭಗವಂತನ ಸೊತ್ತು, ಅವನಿಗೆ ಸಂಪೂರ್ಣ ಅಧೀನ. ಪಾರತಂತ್ರ್ಯವೆಂದು ಕರೆಯುವ ಈ ಅಧೀನತೆಯೇ ಅವನ ಸ್ವರೂಪವಾಗಿರುವಾಗ, ತನ್ನನ್ನು ತಾನು ರಕ್ಷಿಸಿಕೊಳ್ಳುವ ಪ್ರತಿಯೊಂದು ಹವಣಿಕೆಯೂ ಸ್ವರೂಪಕ್ಕೇ ವಿರೋಧ. ಅಹಂಕಾರ ಬೆರೆತ ಸಾಧನೆಯನ್ನು ಶ್ರೀವಚನಭೂಷಣವು ಚಿನ್ನದ ಪಾತ್ರೆಯಲ್ಲಿಟ್ಟ ಗಂಗೆಯ ನೀರಿಗೆ ಒಂದು ತೊಟ್ಟು ಹೆಂಡ ಬಿದ್ದಂತೆ ಎಂದು ಹೋಲಿಸುತ್ತದೆ. ಪಾತ್ರೆಯೂ ಶುದ್ಧ, ನೀರೂ ಶುದ್ಧ, ತೊಟ್ಟೂ ಅತಿ ಚಿಕ್ಕದು. ಆದರೂ ಕುಡಿಯಲು ಬಾರದು. ಭಗವಂತನು ಎತ್ತಿಕೊಳ್ಳಲು ಬಂದಾಗ ಬೇಡವೆಂದು ತಳ್ಳದಿದ್ದರೆ ಜೀವನು ತನ್ನ ಪಾಲಿನದನ್ನು ಮಾಡಿದಂತೆಯೇ. ವ್ರತನಿಯಮಗಳಲ್ಲಿ ಸ್ವಲ್ಪವಾದರೂ ಮುಂದೆ ಹೋದವರಿಗೆ ಈ ಹೋಲಿಕೆಯ ಸತ್ಯ ಕೂಡಲೇ ತಿಳಿಯುತ್ತದೆ. ಕೋಪವನ್ನು ಗೆದ್ದೆನೆಂಬ ತೃಪ್ತಿ ಕೋಪಿಷ್ಠರ ಮೇಲಿನ ತಾತ್ಸಾರವಾಗಿ ಮಾರ್ಪಡಲು ಒಂದು ವಾರ ಸಾಕು, ಉಪವಾಸ ಮಾಡಿದವನ ಕಣ್ಣು ಉಂಡವನ ಎಲೆಯ ಮೇಲೆ ಹೋಗಲು ಒಂದು ದಿನವೂ ಬೇಡ.

ತಿದ್ದಿಕೊಳ್ಳುವ ಯತ್ನಕ್ಕೆ ನಿಜವಾದ ಶತ್ರು ಸೋಮಾರಿತನ ಎನ್ನುವುದು ಅರ್ಧ ಸತ್ಯ. ಅದಕ್ಕಿಂತ ಒಳಗಿನ ಶತ್ರು ಲೆಕ್ಕ ಇಡುವ ಬುದ್ಧಿ. ಲೆಕ್ಕ ಕೂಡಿಬಂದಾಗ ಅದು ಗರ್ವವಾಗುತ್ತದೆ, ಕಳೆದುಹೋದಾಗ ಹತಾಶೆಯಾಗುತ್ತದೆ, ಎರಡು ಸಂದರ್ಭಗಳಲ್ಲಿಯೂ ಮನುಷ್ಯನ ದೃಷ್ಟಿ ತನ್ನ ಮೇಲೆಯೇ ನೆಟ್ಟಿರುತ್ತದೆ. ಇಂದಿನ ವ್ಯಕ್ತಿತ್ವ ವಿಕಸನದ ಪುಸ್ತಕಗಳು ಸಂಕಲ್ಪಬಲವನ್ನೂ ದಿನಚರಿಯನ್ನೂ ಶ್ರದ್ಧೆಯಿಂದಲೇ ಬೋಧಿಸುತ್ತವೆ, ಅವುಗಳಿಂದ ಉಪಕಾರವಾದವರೂ ಇದ್ದಾರೆ. ಆದರೆ ಸಂಕಲ್ಪ ಮುರಿದ ರಾತ್ರಿ ಮನುಷ್ಯನು ಏನು ಮಾಡಬೇಕೆಂಬುದಕ್ಕೆ, ಮತ್ತೆ ಸಂಕಲ್ಪಿಸು ಎನ್ನುವುದರ ಹೊರತು ಅವುಗಳಲ್ಲಿ ಉತ್ತರವಿಲ್ಲ. ಪ್ರಪತ್ತಿಶಾಸ್ತ್ರ ಆರಂಭವಾಗುವುದೇ ಆ ರಾತ್ರಿಯಿಂದ. ಶರಣಾಗತಿಗೆ ಅಧಿಕಾರಿ ಯಾರೆಂದರೆ ಅಕಿಂಚನ, ಎಂದರೆ ತನ್ನ ಕೈಯಲ್ಲಿ ಬೇರೆ ಯಾವ ಉಪಾಯವೂ ಇಲ್ಲದವನು, ಮತ್ತು ಅನನ್ಯಗತಿ, ಎಂದರೆ ಹೋಗಲು ಬೇರೆ ಆಸರೆಯಿಲ್ಲದವನು. ಅದರ ಐದು ಅಂಗಗಳಲ್ಲಿ ಅನುಕೂಲವಾಗಿ ನಡೆಯುವ ಸಂಕಲ್ಪ, ಪ್ರತಿಕೂಲವಾದುದನ್ನು ಬಿಡುವುದು, ರಕ್ಷಿಸುವನೆಂಬ ಮಹಾವಿಶ್ವಾಸ, ರಕ್ಷಕನಾಗೆಂದು ಬೇಡುವುದು ಇವುಗಳ ಜೊತೆಗೆ ಕಾರ್ಪಣ್ಯವೆಂಬುದೊಂದು ಇದೆ. ಕೃಪಣತೆಯೆಂದರೆ ಇಲ್ಲಿ ಜಿಪುಣತನವಲ್ಲ, ತನ್ನ ಬಡತನವನ್ನು ಅರಿತು ಒಪ್ಪುವ ದೈನ್ಯ. ಸೋಲನ್ನು ಅನರ್ಹತೆಯಾಗಿ ಎಣಿಸದೆ ಅಂಗವಾಗಿಯೇ ಸೇರಿಸಿಕೊಂಡ ಶಾಸ್ತ್ರವಿದು.

ದೋಷದ ಬಗೆಗಿನ ಚರ್ಚೆಯಂತೂ ಈ ಪರಂಪರೆಯ ಅತ್ಯಂತ ಹೃದಯಸ್ಪರ್ಶಿಯಾದ ಭಾಗ. ಭಗವಂತನ ಗುಣಗಳಲ್ಲಿ ವಾತ್ಸಲ್ಯವೂ ಒಂದು. ವತ್ಸವೆಂದರೆ ಕರು, ಆಗತಾನೇ ಈದ ಹಸುವಿಗೆ ಕರುವಿನ ಮೇಲೆ ಇರುವ ಕಕ್ಕುಲತೆಯೇ ವಾತ್ಸಲ್ಯ. ಅದು ಜೀವನ ದೋಷಗಳನ್ನು ಹೇಗೆ ಕಾಣುತ್ತದೆ? ಕಂಡೂ ಕಾಣದಂತೆ ಇರುತ್ತದೆ, ಎಣಿಸುವುದಿಲ್ಲ ಎಂಬುದು ದೇಶಿಕರ ಪಕ್ಷ. ಹಸು ಕರುವಿನ ಮೈಗೆ ಮೆತ್ತಿದ ಲೋಳೆಯನ್ನು ಅಸಹ್ಯಪಡದೆ ನೆಕ್ಕುವಂತೆ ಆ ದೋಷಗಳನ್ನೇ ಭೋಗ್ಯವಾಗಿ ಸ್ವೀಕರಿಸುತ್ತದೆ ಎಂಬುದು ಲೋಕಾಚಾರ್ಯರ ಪಕ್ಷ. ದೋಷವು ಭಗವಂತನಿಗೆ ರುಚಿಸುವುದಾದರೆ ಅದನ್ನು ಹೆಚ್ಚಿಸಿಕೊಳ್ಳಬಹುದಲ್ಲವೇ ಎಂಬ ಆಕ್ಷೇಪ ಎದ್ದದ್ದು ಸಹಜ, ದೇಶಿಕರ ಕಡೆಯವರು ಅದನ್ನು ಬಲವಾಗಿಯೇ ಎತ್ತಿದರು. ಆದರೆ ದೃಷ್ಟಾಂತವನ್ನು ಕೊಟ್ಟಿಗೆಯಲ್ಲಿ ನಿಂತು ನೋಡಿದವರಿಗೆ ಇನ್ನೊಂದು ಅಂಶ ಕಾಣುತ್ತದೆ: ಹಸು ನೆಕ್ಕಿದ ಮೇಲೆ ಲೋಳೆ ಉಳಿಯುವುದಿಲ್ಲ. ನೆಕ್ಕುವುದೂ ಶುದ್ಧಿಮಾಡುವುದೂ ಒಂದೇ ಕೆಲಸ. ಆ ಒರಟು ನಾಲಿಗೆಯ ಉಜ್ಜುವಿಕೆಗೆ ಕರುವಿನ ಮೈಯಲ್ಲಿ ಚುರುಕು ಮೂಡಿ, ಅದು ನಡುಗುವ ಕಾಲುಗಳ ಮೇಲೆ ಎದ್ದು ನಿಲ್ಲುತ್ತದೆ. ಶುದ್ಧವಾದ ಮೇಲೆ ಬಳಿಗೆ ಬಾ ಎಂದು ಹೇಳುವ ಹಸುವನ್ನು ಯಾರೂ ಕಂಡಿಲ್ಲ. ಒಪ್ಪಿಕೊಳ್ಳುವ ಪ್ರೀತಿಯೇ ಬದಲಿಸುವ ಪ್ರೀತಿಯೂ ಆಗಿರುತ್ತದೆಂಬ ಈ ತಿಳಿವಳಿಕೆ, ತನ್ನ ದೋಷವನ್ನು ಹೆದರದೆ ನೇರವಾಗಿ ನೋಡುವ ಧೈರ್ಯವನ್ನು ಮನುಷ್ಯನಿಗೆ ಕೊಡುತ್ತದೆ. ಮುಚ್ಚಿಟ್ಟ ದೋಷ ತಿದ್ದಲು ಸಿಗುವುದಿಲ್ಲ, ಶಿಕ್ಷೆಯ ಭಯವಿರುವವರೆಗೆ ಮುಚ್ಚಿಡುವುದು ತಪ್ಪುವುದೂ ಇಲ್ಲ.

ಕ್ಷಮೆಯೆಂದರೆ ಮಾಡಿದ್ದೆಲ್ಲ ಅಳಿಸಿಹೋಗುವುದೆಂದು ಮಾತ್ರ ಈ ಆಚಾರ್ಯರು ಹೇಳಲಿಲ್ಲ. ಅವರು ಮತ್ತೆ ಮತ್ತೆ ನೆನೆಯುವ ರಾಮಾಯಣದ ಕಾಕಾಸುರನ ಪ್ರಸಂಗವೇ ಅದಕ್ಕೆ ಸಾಕ್ಷಿ. ಸೀತೆಯನ್ನು ಕುಕ್ಕಿ ಗಾಯಗೊಳಿಸಿದ ಕಾಗೆಯ ಮೇಲೆ ರಾಮನು ದರ್ಭೆಯನ್ನೇ ಬ್ರಹ್ಮಾಸ್ತ್ರವಾಗಿ ಬಿಟ್ಟಾಗ, ಅದು ಮೂರು ಲೋಕಗಳನ್ನು ಸುತ್ತಿ ಎಲ್ಲಿಯೂ ಆಸರೆ ಸಿಗದೆ ಮರಳಿ ಬಂದು ರಾಮನ ಎದುರಿಗೇ ಬಿದ್ದಿತು. ಅದು ಪಶ್ಚಾತ್ತಾಪಪಟ್ಟಿತೆಂದು ಹೇಳಲು ಆಧಾರ ಕಡಿಮೆ. ರೆಕ್ಕೆ ಸೋತು ಬಿದ್ದಿತು ಎನ್ನುವುದೇ ಸರಿ. ಅಷ್ಟೇ ಸಾಕಾಯಿತು, ಪ್ರಾಣ ಉಳಿಯಿತು. ಕಾಗೆ ಉಳಿದು ರಾವಣನು ಅಳಿದುದಕ್ಕೆ ಕಾರಣ ಕಾಗೆ ಬಿದ್ದಾಗ ಸೀತೆ ಬಳಿಯಿದ್ದುದು, ರಾವಣನು ಬಿದ್ದಾಗ ಇಲ್ಲದಿದ್ದುದು ಎಂದು ಶ್ರೀವಚನಭೂಷಣವು ವಿವರಿಸುತ್ತದೆ; ಜೀವನಿಗೂ ಭಗವಂತನಿಗೂ ನಡುವೆ ನಿಂತು ಮಾತಾಡುವ ಶ್ರೀದೇವಿಯ ಈ ಪಾತ್ರಕ್ಕೆ ಪುರುಷಕಾರವೆಂದು ಹೆಸರು. ಆದರೆ ಬಿಟ್ಟ ಅಸ್ತ್ರ ಹುಸಿಯಾಗಬಾರದೆಂದು ಕಾಗೆ ಒಂದು ಕಣ್ಣನ್ನು ಕಳೆದುಕೊಂಡಿತು ಎಂಬುದನ್ನೂ ಆದಿಕವಿ ಮರೆಮಾಚಿಲ್ಲ. ಕೃಪೆ ಪಡೆದವನೂ ತಾನು ಕೆಡಿಸಿದ ಸಂಬಂಧಗಳ, ತಾನು ಕೊಟ್ಟ ನೋವುಗಳ ಫಲವನ್ನು ಹೊತ್ತುಕೊಂಡೇ ನಡೆಯಬೇಕಾದೀತು.

ಕೃಪೆಯು ಯಾವಾಗ ಆರಂಭವಾಗುತ್ತದೆ ಎಂಬುದಕ್ಕೆ ಸಂಪ್ರದಾಯವು ಆರು ಮೆಟ್ಟಿಲುಗಳನ್ನು ಹೇಳುತ್ತದೆ: ಈಶ್ವರನ ಸೌಹಾರ್ದ, ಅರಿವಿಲ್ಲದೆ ಒದಗಿದ ಪುಣ್ಯ, ವಿಷ್ಣುವಿನ ಕಟಾಕ್ಷ, ಅದ್ವೇಷ, ಆಭಿಮುಖ್ಯ, ಸಜ್ಜನರೊಡನೆ ಮಾತುಕತೆ, ಇವುಗಳ ಕೊನೆಗೆ ಆಚಾರ್ಯನು ದೊರೆಯುತ್ತಾನೆ. ಅದ್ವೇಷವೆಂಬ ನಾಲ್ಕನೆಯ ಮೆಟ್ಟಿಲಿನ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕು. ಜೀವನಲ್ಲಿ ಕಾಣಿಸಿಕೊಳ್ಳುವ ಮೊದಲ ಬದಲಾವಣೆಯು ಪ್ರೀತಿಯಲ್ಲ, ಭಕ್ತಿಯಲ್ಲ, ಕಣ್ಣೀರೂ ಅಲ್ಲ. ಒಳಿತಿನ ಬಗ್ಗೆ ಇದ್ದ ಹಗೆತನ ಇಲ್ಲವಾಗುವುದಷ್ಟೇ. ಮುಖ ತಿರುಗಿಸಿ ನಿಂತಿದ್ದವನು ಮುಖ ತಿರುಗಿಸುವುದನ್ನು ಬಿಟ್ಟಿದ್ದಾನೆ, ಇನ್ನೂ ಈ ಕಡೆ ನೋಡಿಲ್ಲ. ಎದುರಾಗಿ ನಿಲ್ಲುವ ಆಭಿಮುಖ್ಯ ಆಮೇಲೆ ಬರುವಂಥದು. ಹೊರಗಿನ ಕಣ್ಣಿಗೆ ಏನೂ ನಡೆದಂತೆ ಕಾಣದ, ಸ್ವತಃ ಅವನಿಗೂ ಗೊತ್ತಾಗದ ಈ ಸಣ್ಣ ಸಡಿಲಿಕೆಯನ್ನು ಗುರುತಿಸಿ ಅದಕ್ಕೊಂದು ಹೆಸರು ಕೊಟ್ಟವರು ಮನುಷ್ಯನ ಅಂತರಂಗವನ್ನು ಎಷ್ಟು ತಾಳ್ಮೆಯಿಂದ ನೋಡಿರಬೇಕು! ತಾನು ಹೀಗಿರಬಾರದಿತ್ತು ಎಂಬ ಅಸಮಾಧಾನ ಯಾರಲ್ಲಿ ಹುಟ್ಟಿದೆಯೋ ಅವನು ಕೃಪೆಗಾಗಿ ಕಾಯುತ್ತಿದ್ದೇನೆಂದು ತಿಳಿದಿರುತ್ತಾನೆ, ಆದರೆ ಈ ಕ್ರಮವನ್ನು ನಂಬುವುದಾದರೆ ಆ ಅಸಮಾಧಾನಕ್ಕಿಂತ ಹಿಂದೆಯೇ ಮೂರು ಮೆಟ್ಟಿಲುಗಳಷ್ಟು ಕೆಲಸ ಅವನಿಗೆ ತಿಳಿಯದಂತೆ ನಡೆದುಹೋಗಿದೆ.

ಹಾಗಾದರೆ ಯಾರ ಪಕ್ಷ ಸರಿ? ಲೋಕಾಚಾರ್ಯರ ಮಾತನ್ನು ಒಬ್ಬನು ತನ್ನ ಬಗ್ಗೆ ತಾನೇ ಹೇಳಿಕೊಂಡಾಗ ಅದಕ್ಕಿಂತ ನಿಜವಾದ ಮಾತಿಲ್ಲ: ತನ್ನದು ಏನೂ ಇರಲಿಲ್ಲ, ಎತ್ತಿಕೊಂಡವನೇ ಎತ್ತಿಕೊಂಡ. ಅದೇ ಮಾತನ್ನು ಇನ್ನೊಬ್ಬನಿಗೆ, ಅದರಲ್ಲಿಯೂ ಈಗ ಬೀಳುತ್ತಿರುವವನಿಗೆ, ನಿನ್ನದು ಏನೂ ಬೇಡವೆಂದು ಉಪದೇಶವಾಗಿ ಹೇಳಿದರೆ ಕೇಡಾಗುತ್ತದೆ. ದೇಶಿಕರ ಮಾತು ದಾರಿ ತೋರಿಸುವವನ ಮಾತು, ಲೋಕಾಚಾರ್ಯರದು ತಲುಪಿದವನ ಕೃತಜ್ಞತೆ. ಶತಮಾನಗಳ ಕಾಲ ದೇವಾಲಯಗಳಲ್ಲಿ ನಾಮದ ಆಕಾರದ ಮೇಲೆ ಹೊತ್ತಿಕೊಂಡ ಜಗಳಗಳು ಈ ಎರಡು ಧ್ವನಿಗಳ ಭೇದವನ್ನು ಕೇಳಿಸದಂತೆ ಮಾಡಿದುದು ದುಃಖದ ಸಂಗತಿ. ಲೋಕಾಚಾರ್ಯರು ನಡತೆಯನ್ನು ಸಡಿಲ ಬಿಟ್ಟರೆಂಬ ಅಪವಾದವೂ ನಿಲ್ಲುವುದಿಲ್ಲ, ಏಕೆಂದರೆ ಭಾಗವತಾಪಚಾರವನ್ನು, ಎಂದರೆ ಭಕ್ತರಿಗೆ ಮಾಡುವ ಅಪರಾಧವನ್ನು, ಅವರಷ್ಟು ಕಟುವಾಗಿ ಖಂಡಿಸಿದವರು ವಿರಳ. ಭಕ್ತನ ಹುಟ್ಟಿದ ಜಾತಿಯನ್ನು ಕೆದಕಿ ನೋಡುವುದೂ ಆ ಘೋರ ಅಪರಾಧಗಳಲ್ಲಿ ಒಂದೆಂದು ಅವರು ಎಣಿಸಿದರು. ಕೃಪೆಯನ್ನು ಬೇಷರತ್ತಾಗಿ ಪಡೆದವನು ಇನ್ನೊಬ್ಬನ ಯೋಗ್ಯತೆಗೆ ಷರತ್ತು ಹಾಕುವಂತಿಲ್ಲವೆಂಬುದು ಆ ಸಿದ್ಧಾಂತದಿಂದ ತಾನಾಗಿ ಬರುವ ನೀತಿ. ಅದನ್ನು ಅನುಯಾಯಿಗಳು ಎಷ್ಟು ಪಾಲಿಸಿದರು ಎಂಬುದು ಬೇರೆಯ ಮತ್ತು ನೋವಿನ ಪ್ರಶ್ನೆ.

ಕನ್ನಡ ನಾಡಿಗೆ ಈ ಚರ್ಚೆ ಹೊರಗಿನದಲ್ಲ. ರಾಮಾನುಜರು ಮೇಲುಕೋಟೆಯಲ್ಲಿ 12 ವರ್ಷ ನೆಲೆಸಿದ್ದರೆಂದು ಸಂಪ್ರದಾಯ ಹೇಳುತ್ತದೆ. ಶ್ರೀರಂಗವು ಸೂರೆಯಾದ ಕಾಲದಲ್ಲಿ ದೇಶಿಕರು ಕೊಳ್ಳೇಗಾಲದ ಬಳಿಯ ಸತ್ಯಾಗಾಲದಲ್ಲಿ ಆಸರೆ ಪಡೆದರೆಂಬುದೂ ಪರಂಪರೆಯ ನಂಬಿಕೆ. ಮೈಸೂರಿನ ಚಿಕ್ಕದೇವರಾಜ ಒಡೆಯರ ಹೆಸರಿನಲ್ಲಿ ಚಿಕದೇವರಾಜ ಬಿನ್ನಪವೆಂಬ ಕೃತಿಯಿದೆ. ಮಂತ್ರಿ ತಿರುಮಲಾರ್ಯನೇ ಅದನ್ನು ಬರೆದಿರಬೇಕೆಂದು ಅನೇಕ ವಿದ್ವಾಂಸರು ಭಾವಿಸುತ್ತಾರೆ. ಮೇಲುಕೋಟೆಯ ನಾರಾಯಣನಿಗೆ ಸಲ್ಲಿಸಿದ 30 ಬಿನ್ನಪಗಳ ರೂಪದಲ್ಲಿ ಅದು ಶ್ರೀವೈಷ್ಣವ ತತ್ತ್ವವನ್ನು ಕನ್ನಡ ಗದ್ಯದಲ್ಲಿ ಹೇಳುತ್ತದೆ. ವಿಜ್ಞಾಪನೆಯಿಂದ ಬಂದ ಬಿನ್ನಪವೆಂಬ ತದ್ಭವವೇ ಇಲ್ಲಿ ಬಹಳ ಹೇಳುತ್ತದೆ, ಏಕೆಂದರೆ ಬಿನ್ನಪವು ಹಕ್ಕಿನ ಬೇಡಿಕೆಯಲ್ಲ, ಬಾಯಿ ಮುಚ್ಚಿದ ಮೌನವೂ ಅಲ್ಲ. 1673ರಿಂದ 1704ರವರೆಗೆ ಆಳಿದ ಆ ಅರಸನನ್ನು ಚರಿತ್ರೆಯು ಕಂದಾಯವನ್ನು ಬಿಗಿಗೊಳಿಸಿ, ಪ್ರಜೆಗಳ ದಂಗೆಯನ್ನು ಕಠಿಣವಾಗಿ ಹತ್ತಿಕ್ಕಿದವನೆಂದೂ ನೆನೆಯುತ್ತದೆ. ದೇವರ ಮುಂದೆ ದೈನ್ಯ, ಪ್ರಜೆಯ ಮುಂದೆ ಬಿಗಿ, ಎರಡೂ ಒಂದೇ ಹೆಸರಿನ ಸುತ್ತ ಉಳಿದಿರುವುದನ್ನು ಓದುಗನು ಬೇಗನೆ ಮರೆಯಬಾರದು. ಕಠೋಪನಿಷತ್ತಿನ 24ನೆಯ ಮಂತ್ರ ಎಚ್ಚರಿಸುವುದು ಇದನ್ನೇ.

ವೀರಶೈವರ ಷಟ್‌ಸ್ಥಲದಲ್ಲಿಯೂ ಕೃಪೆ ಮತ್ತು ನಿಷ್ಠೆಗಳ ಹೆಣಿಗೆ ಹೀಗೆಯೇ ಇದೆ: ಗುರುಕಾರುಣ್ಯದಿಂದ ದೀಕ್ಷೆ ಪಡೆದವನು ಭಕ್ತಸ್ಥಲ, ಮಹೇಶ್ವರಸ್ಥಲಗಳಲ್ಲಿ ಶ್ರದ್ಧೆಯನ್ನೂ ನಿಷ್ಠೆಯನ್ನೂ ಪಳಗಿಸಿಕೊಂಡು ಮೂರನೆಯದಾದ ಪ್ರಸಾದಿಸ್ಥಲಕ್ಕೆ ಬರುತ್ತಾನೆ. ಪ್ರಸಾದವೆಂಬ ಪದ ಇಡೀ ಪ್ರಶ್ನೆಯನ್ನು ತನ್ನೊಳಗೆ ಇಟ್ಟುಕೊಂಡಿದೆ. ಗೀತೆಯ ಎರಡನೆಯ ಅಧ್ಯಾಯದಲ್ಲಿ ಅದು ರಾಗದ್ವೇಷಗಳನ್ನು ಬಿಟ್ಟು ನಡೆಯುವವನ ಮನಸ್ಸು ಪಡೆಯುವ ತಿಳಿತನ, ಹದಿನೆಂಟನೆಯ ಅಧ್ಯಾಯದಲ್ಲಿ ಭಗವಂತನ ಅನುಗ್ರಹ. ರಾಡಿಯಾದ ನೀರು ತಿಳಿಯಾಗುವುದೇ ಪ್ರಸಾದದ ಮೂಲ ಭಾವ. ಕೈಯಾಡಿಸಿ ಕೆಸರನ್ನು ಕೆಳಗೆ ಒತ್ತಲು ಹೋದಷ್ಟೂ ನೀರು ಹೆಚ್ಚು ಕದಡುತ್ತದೆ. ಕೊಡವನ್ನು ಅಲುಗದಂತೆ ಇಡುವುದಷ್ಟೇ ಕೈಯಿಂದಾಗುವ ಕೆಲಸ, ಆದರೆ ಆ ಕೆಲಸವನ್ನೂ ಮಾಡದಿದ್ದರೆ ತಿಳಿಯಾಗುವುದಿಲ್ಲ.

ಶರಣಾಗತಿ ಗದ್ಯದಲ್ಲಿ ರಾಮಾನುಜರು ಶ್ರೀರಂಗನಾಥನ ಮುಂದೆ ಬೇಡಿಕೊಳ್ಳುವ ವಿಷಯಗಳನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಮಂತ್ರವನ್ನು ವಿವರಿಸುವಾಗ ಪ್ರಿಯತಮನೇ ವರಣಕ್ಕೆ ಯೋಗ್ಯನೆಂದು ನಿರ್ಣಯಿಸಿದ ಅದೇ ಭಾಷ್ಯಕಾರರು ಇಲ್ಲಿ ಪರಭಕ್ತಿ, ಪರಜ್ಞಾನ, ಪರಮಭಕ್ತಿಗಳನ್ನು ತಮ್ಮಲ್ಲಿರುವ ಸಂಪತ್ತಾಗಿ ಮುಂದಿಡುವುದಿಲ್ಲ, ಅವುಗಳಿಂದ ತಮ್ಮನ್ನು ತುಂಬಬೇಕೆಂದು ಬೇಡುತ್ತಾರೆ. ವರಿಸಲ್ಪಡಲು ಬೇಕಾದ ಪ್ರೀತಿಯನ್ನೇ ವರಿಸುವವನಿಂದ ಕೇಳುತ್ತಾರೆ. ಅದಕ್ಕೂ ಮುನ್ನ ಅವರು ಕ್ಷಮೆ ಕೋರುವ ಅಪರಾಧಗಳ ಪಟ್ಟಿಯಲ್ಲಿ ಹಿಂದೆ ಮಾಡಿದವುಗಳಿವೆ, ಈಗ ಮಾಡುತ್ತಿರುವವುಗಳಿವೆ, ಇನ್ನು ಮುಂದೆ ಮಾಡಲಿರುವವುಗಳೂ ಇವೆ. ಯತಿಗಳಿಗೆ ರಾಜನೆಂದು ಸಂಪ್ರದಾಯವು ಕೊಂಡಾಡಿದ ಆಚಾರ್ಯರು, ಇದೇ ಕೊನೆ, ಇನ್ನು ತಪ್ಪುವುದಿಲ್ಲ ಎಂಬ ಪ್ರತಿಜ್ಞೆಯನ್ನು ಅಲ್ಲಿ ಮಾಡಲಿಲ್ಲ. ನಾಳೆಯೂ ಎಡವಬಹುದಾದ ಕಾಲುಗಳನ್ನು ಅವು ಇರುವಂತೆಯೇ ತೋರಿಸಿ, ಆ ಕಾಲುಗಳ ಮೇಲೆಯೇ ನಿಂತು ಬೇಡಿದರು.